ಜ್ವರಕ್ಕೆ ಕೂತ ಕಂಪ್ಯೂಟರು

ಯಂತ್ರಗಳನ್ನು ಎಬ್ಬಿಸುವುದು ಒಂದು ಕಾಲಕ್ಕೆ ದೊಡ್ಡ ವಿದ್ಯೆಯೇ ಆಗಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಮ್ಮ ಕಾಲದ ಯಾವ ಯಂತ್ರವೂ ಗುಂಡಿ ಒತ್ತಿದ ಮಾತ್ರಕ್ಕೆ ಎದ್ದು ಕೂರುತ್ತಿರಲಿಲ್ಲ. ನನ್ನ ಮೊಪೆಡ್ಡನ್ನು ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಓಡಿ, ಅದು ಕೆಮ್ಮಿದ ಕೂಡಲೇ ಹಾರಿ ಕೂರಬೇಕಿತ್ತು. ದೊಡ್ಡಮಳೂರಿನ ನಮ್ಮ ಮನೆಯ ಟೀವಿಗೆ ನೆತ್ತಿಯ ಎಡಗಡೆಗೆ ಒಂದು ಏಟು ಬೀಳಬೇಕಿತ್ತು. ಅಪ್ಪಿತಪ್ಪಿ ಬಲಗಡೆಗೆ ಬಿದ್ದರೆ ಚಿತ್ರ ಹೋಗಿ ಮಾತು ಮಾತ್ರ ಉಳಿಯುತ್ತಿತ್ತು. ಗದ್ದೆಯ ಪಂಪ್‌ಸೆಟ್ಟಿಗೆ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಕುಡಿಸಿದರೆ ಮಾತ್ರ ಅದು ನಮಗೆ ನೀರು ಕೊಡುತ್ತಿತ್ತು. ಒದ್ದೋ, ತಟ್ಟಿಯೋ, ನೀರು ಕುಡಿಸಿಯೋ, ಏನೂ ಆಗದಿದ್ದರೆ ಬಾಯ್ತುಂಬ ಬೈದೋ ಹೇಗೋ ಎಬ್ಬಿಸಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ವಿದ್ಯೆಯಲ್ಲಿ ಪಳಗಿದ್ದ ನಾನು, ಒದೆಯಲೂ ಆಗದ, ತಟ್ಟಲೂ ಆಗದ, ಬೈದರೂ ಕಿವಿಗೆ ಹಾಕಿಕೊಳ್ಳದ ಒಂದು ಯಂತ್ರದ ಮುಂದೆ ಮಾತ್ರ ಕೈಚೆಲ್ಲಿ ಕೂತಿದ್ದೆ. ಅದು ಒಂದು ಹಳೆಯ ಕಂಪ್ಯೂಟರು. ಅದನ್ನು ಒಳಗಿನಿಂದ ನಡೆಸುತ್ತಿದ್ದ ತಂತ್ರಾಂಶದ ಹೆಸರು ಲಿನಕ್ಸು.

ಅದು ನನ್ನ ಕೊರಳಿಗೆ ಬಿದ್ದದ್ದು ಹೇಗೆ ಎಂದು ಹೇಳಬೇಕು. ಬಿಡದಿಯ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ತಗಡಿನ ಷೆಡ್ಡುಗಳು ಏಳುತ್ತಿದ್ದ ಕಾಲ ಅದು. ಬೆಳಗಾದರೆ ರಾಮನಗರದ ಸರ್ಕಲ್ಲಿನಲ್ಲಿ ನೀಲಿ ಷರಟಿನವರು, ಬೂದಿ ಷರಟಿನವರು, ಕಾಫಿ ಬಣ್ಣದ ಷರಟಿನವರು ಕಂಪನಿ ಬಸ್ಸುಗಳಿಗೆ ಕಾಯುತ್ತ ನಿಂತಿರುತ್ತಿದ್ದರು. ನಾನು ಬೂದಿ ಷರಟು. ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುವುದು ನನ್ನ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ, ಒಂದು ವಾರ ರಾತ್ರಿ ಪಾಳಿ. ನಿದ್ದೆಯ ಹೊತ್ತಿಗೆ ಹಸಿವು, ಊಟದ ಹೊತ್ತಿಗೆ ನಿದ್ದೆ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದಿದ್ದದ್ದು ಬೇರೆ. ನನ್ನ ಮಗಳಿಗೆ ಆಗಷ್ಟೇ ನಡೆಯಲು ಬರುತ್ತಿತ್ತು. ನಾನು ಮನೆಯಲ್ಲಿದ್ದಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ನಾನು ಮಲಗಿರುತ್ತಿದ್ದೆ, ಇಲ್ಲವೇ ಬಿಡದಿಯಲ್ಲಿರುತ್ತಿದ್ದೆ. ಹೀಗಾಗಿ ಒಂದು ದಿನ ಅಪರೂಪಕ್ಕೆ ಹಗಲು ಹೊತ್ತಿನಲ್ಲಿ ನಾನು ಒಳಗೆ ಬಂದು ಕೈ ಚಾಚಿದರೆ, ಮಗು ಕಿಟಾರನೆ ಕಿರುಚಿ ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಿತು. ಸಾಲದ್ದಕ್ಕೆ ಅಲ್ಲಿಂದಲೇ ಇಣುಕಿ, ಹೊರಗೆ ಹೋಗು ಎನ್ನುವಂತೆ ನನಗೆ ಬಾಗಿಲು ತೋರಿಸಿತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾರ್ಖಾನೆಯಲ್ಲಿ ಜನರಲ್ ಶಿಫ್ಟ್ ಎಂಬ ಸ್ವರ್ಗವೊಂದಿತ್ತು. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು. ಆಫೀಸಿನವರಿಗೂ ಸ್ಟೋರ್ಸಿನವರಿಗೂ ಮಾತ್ರ ಅದು. ಒಂದು ದಿನ ಸ್ಟೋರ್ಸಿನ ಮ್ಯಾನೇಜರು ನಮ್ಮ ವಿಭಾಗಕ್ಕೆ ಬಂದು, ತಮಗೆ ಒಬ್ಬ ಬೇಕೆಂದೂ, ಅವನಿಗೆ ಕಂಪ್ಯೂಟರಿನಲ್ಲಿ ಸಾಮಾನಿನ ಲೆಕ್ಕ ಹಾಕಲು ಬರಬೇಕೆಂದೂ, ದೀಪಾವಳಿ ಕಳೆದ ಮೇಲೆ ಸಣ್ಣದೊಂದು ಪರೀಕ್ಷೆ ಮಾಡುವುದಾಗಿಯೂ, ಇಷ್ಟವಿದ್ದವರು ಈಗಿನಿಂದಲೇ ಕಲಿತುಕೊಳ್ಳಬಹುದೆಂದೂ ಹೇಳಿದರು. ನಾನು ಕೈ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ನಯಾಜ್ ನನ್ನ ಮುಖವನ್ನೇ ನೋಡಿದ. ನಯಾಜ್ ಚನ್ನಪಟ್ಟಣದವನು, ನಮ್ಮ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ವಿಭಾಗದವನು. ಅವರ ಮನೆಯಲ್ಲಿ ತಲೆತಲಾಂತರದಿಂದ ಮರದ ಬೊಂಬೆ ಮಾಡುತ್ತಾರೆ. ಕಂಪನಿಯವರು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುಂಚೆ ಬೇಕಾದವರು ಒಯ್ಯಿರಿ ಎಂದಾಗ ಅವುಗಳಲ್ಲಿ ಇದ್ದುದರಲ್ಲಿ ಉಸಿರಾಡುತ್ತಿದ್ದ ಒಂದನ್ನು ಆರಿಸಿಕೊಟ್ಟವನು ಅವನೇ. ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸೀಡಿಯಿಂದ ಅದಕ್ಕೆ ಲಿನಕ್ಸ್ ತುಂಬಿಸಿದವನೂ ಅವನೇ. "ಸ್ಟೋರ್ಸಲ್ಲೂ ಇದನ್ನೇ ಹಾಕವ್ರೆ ಕಣ್ಲಾ ಸಿದ್ರಾಜ. ಕಾಸಿಲ್ದೆ ಸಿಗ್ತದಲ್ಲ, ಅದ್ಕೆ. ಇದ ಕಲ್ತ್ರೆ ನೀನು ಗೆದ್ದಂಗೆಯ" ಎಂದ. ನಾನು ಮಾನಿಟರನ್ನು ಕೂಟಗಲ್ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ಬಂದೆ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದ.

ಕೂಟಗಲ್ ಹತ್ತಿರದ ಈ ಊರು ನನ್ನದಲ್ಲ, ನನ್ನ ಹೆಂಡತಿ ಭಾಗ್ಯಳದು. ಅಂದರೆ ನಾನು ಮನೆ ಅಳಿಯ. ಈ ಎರಡು ಪದ ಕೇಳಿದ ಕೂಡಲೇ ನಮ್ಮ ಕಡೆ ಜನರ ತುಟಿಯ ಅಂಚಿನಲ್ಲಿ ಒಂದು ನಗೆ ಬರುತ್ತದೆ, ನನಗೆ ಅದು ಅಭ್ಯಾಸವಾಗಿದೆ. ಭಾಗ್ಯ ಒಬ್ಬಳೇ ಮಗಳು. ನಮ್ಮ ಮದುವೆಗೆ ಮುಂಚೆಯೇ ಮಾವ ತೀರಿಕೊಂಡಿದ್ದರು. ಅತ್ತೆ ಪುಟ್ಟತಾಯಮ್ಮನವರೇ ಹಿಪ್ಪುನೇರಳೆ ತೋಟವನ್ನೂ ರೇಷ್ಮೆ ಹುಳುವಿನ ಮನೆಯನ್ನೂ ಒಂಟಿ ಕೈಯಲ್ಲಿ ನಡೆಸುತ್ತಿದ್ದರು. ನಡೆಸುತ್ತಿದ್ದರು ಎನ್ನುವುದಕ್ಕಿಂತ ಆಳುತ್ತಿದ್ದರು ಎನ್ನಬೇಕು. ಹುಳುವಿನ ಮನೆಗೆ ಕಾಲಿಡುವವರು ಔಷಧದ ನೀರಿನಲ್ಲಿ ಕಾಲು ಅದ್ದಬೇಕು. ಪೌಡರ್ ಹಾಕಿಕೊಂಡವರಿಗೆ, ಬೀಡಿ ಸೇದಿದವರಿಗೆ, ಹೂವು ಮುಡಿದವರಿಗೆ ಪ್ರವೇಶವಿಲ್ಲ. ಹುಳುವಿಗೆ ವಾಸನೆ ಆಗದು. ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಒಗ್ಗರಣೆಯನ್ನು ಕೂಡ ಬಾಗಿಲು ಮುಚ್ಚಿಕೊಂಡು ಹಾಕಬೇಕು. ಮದುವೆಯಾದ ಹೊಸದರಲ್ಲಿ ನಾನು ಸೆಂಟು ಹಾಕಿಕೊಂಡು ಬಂದು, ಒಂದು ವಾರ ಜಗುಲಿಯ ಮೇಲೆ ಮಲಗಿದ್ದೇನೆ.

ಈ ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಕೋಪವಲ್ಲ, ಪದ್ಧತಿ. ಹಳೆಯ ತಲೆಯ ಅತ್ತೆಯರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುತ್ತಾರೆ, ಮಗಳು ಅಳಿಯನಿಗೆ ಹೇಳುತ್ತಾಳೆ. ಭಾಗ್ಯ ಮನೆಯಲ್ಲಿಲ್ಲದಾಗ ನಮ್ಮ ಅತ್ತೆ ಬೆಕ್ಕಿಗೆ ಹೇಳುತ್ತಿದ್ದರು. "ಸಾರು ಒಲೆ ಮ್ಯಾಲೈತೆ, ಹೊಟ್ಟೆ ಹಸಿದೋರು ಬಡಿಸ್ಕಂಡು ಉಣ್ಣಬೌದು" ಎಂದು ಅವರು ಬೆಕ್ಕಿನ ಮುಖ ನೋಡಿ ಹೇಳಿದರೆ, ಅದು ನನಗೆ ಎಂದು ನಾನೂ ಬೆಕ್ಕೂ ಅರ್ಥ ಮಾಡಿಕೊಳ್ಳುತ್ತಿದ್ದೆವು. ಕಂಪ್ಯೂಟರು ಬಂದಾಗ ಅದನ್ನು ಎಲ್ಲಿಡುವುದು ಎಂಬ ಮಾತುಕತೆಯೂ ಹೀಗೇ ಬಾಗಿಲ ಮರೆಯಿಂದ ನಡೆಯಿತು. ಮನೆಯಲ್ಲಿದ್ದ ಪ್ಲಗ್ಗು ಟೀವಿಗೂ ಮಿಕ್ಸಿಗೂ ಸಾಲುತ್ತಿರಲಿಲ್ಲ. ಉಳಿದದ್ದು ಸೊಪ್ಪಿನ ಕೋಣೆ. ಹುಳುವಿನ ಮನೆಗೆ ಅಂಟಿಕೊಂಡಂತೆ, ಕಡಿದು ತಂದ ಸೊಪ್ಪನ್ನು ಒದ್ದೆ ಗೋಣಿಚೀಲ ಮುಚ್ಚಿ ತಣ್ಣಗಿಡುವ ಜಾಗ ಅದು. ನಡುವೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬರದಂತೆ ಕಟ್ಟಿದ ಬಲೆಯ ಬಾಗಿಲು. ಸದ್ದು ಮಾಡಬಾರದು, ಊದುಬತ್ತಿ ಹಚ್ಚಬಾರದು ಎಂಬ ಷರತ್ತಿನ ಮೇಲೆ ಒಂದು ಮೂಲೆ ಮಂಜೂರಾಯಿತು. ಆ ವರ್ಷದ ಆಯುಧಪೂಜೆಯಲ್ಲಿ ಧೂಪವಿಲ್ಲದೆ ಪೂಜೆ ಮಾಡಿಸಿಕೊಂಡ ಕಂಪ್ಯೂಟರು ಬಹುಶಃ ಅದೊಂದೇ.

ಇನ್ನು ಅದು ಏಳುವ ಚೆಂದವನ್ನು ಹೇಳುತ್ತೇನೆ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಮೊದಲು ನಿಟ್ಟುಸಿರು ಬಿಡುತ್ತಿತ್ತು. ಬಹಳ ಹೊತ್ತು ಕತ್ತಲೆ. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತಿದ್ದವು. ಪ್ರತಿ ಸಾಲಿನ ಕೊನೆಯಲ್ಲೂ ಹಸಿರು ಬಣ್ಣದಲ್ಲಿ ಓಕೆ, ಓಕೆ, ಓಕೆ. ಮನೆ ಅಳಿಯನಾದ ನಾನು ಅಷ್ಟೊಂದು ಸಮ್ಮತಿಯನ್ನು ಒಂದೇ ಕಡೆ ಅದುವರೆಗೆ ಕಂಡಿರಲಿಲ್ಲ. ನಡುವೆ ಯಾವುದೋ ಒಂದು ಸಾಲಿಗೆ ಬಂದು ಓಕೆ ಹೇಳದೆ ಸುಮ್ಮನೆ ನಿಂತುಬಿಡುತ್ತಿತ್ತು. ಅದೇನು ಯೋಚಿಸುತ್ತಿತ್ತೋ! ಆಮೇಲೆ ನೀಲಿ ಪರದೆ ಬಂದು ಅದರ ನಡುವೆ ಪುಟ್ಟ ಪುಟ್ಟ ಚಿತ್ರಗಳು ಒಂದಾದ ಮೇಲೊಂದು ಬೆಳಗುತ್ತಿದ್ದವು. ಒಂದು ಬೆಳಗಿ ಇನ್ನೊಂದು ಬೆಳಗುವುದರೊಳಗೆ ನಾನು ಗಡ್ಡ ಹೆರೆದುಕೊಂಡು ಬರುತ್ತಿದ್ದೆ. ಕೊನೆಗೆ ಡೆಸ್ಕ್‌ಟಾಪ್ ಎಂಬ ಮುಖಪುಟ ಕಾಣಿಸುತ್ತಿತ್ತು, ಆದರೆ ಕೆಳಗಿನ ಪಟ್ಟಿ ಇರುತ್ತಿರಲಿಲ್ಲ. ಪಟ್ಟಿ ಬಂದರೆ ಅದರ ಮೇಲೆ ಗಡಿಯಾರ ಇರುತ್ತಿರಲಿಲ್ಲ. ಗಡಿಯಾರ ಬಂದರೆ ಅದನ್ನು ನೋಡಿ ನನಗೆ ಕಂಪನಿ ಬಸ್ಸಿನ ನೆನಪಾಗುತ್ತಿತ್ತು. ಪಕ್ಕದ ಮನೆಯ ಚಿಕ್ಕಣ್ಣನವರು ಕಂಪ್ಯೂಟರು ನೋಡಬೇಕೆಂದು ಬಂದು, ಓಕೆಗಳ ಅರ್ಧದಲ್ಲೇ ಎದ್ದು, "ಹಸ ಕಟ್ಟಿ ಬತ್ತೀನಿ ಬುಡಪ್ಪ" ಎಂದು ಹೋದವರು ಮತ್ತೆ ಬಂದದ್ದು ಯುಗಾದಿಯ ಹೊತ್ತಿಗೆ.

ನಾನು ಕಾಯುವ ಜಾತಿಯವನಲ್ಲ. ಮುಖಪುಟ ಕಂಡ ಕೂಡಲೇ ಲೆಕ್ಕದ ಹಾಳೆಯ ಚಿತ್ರವನ್ನು ಒತ್ತುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಮತ್ತೆ ಒತ್ತುತ್ತಿದ್ದೆ. ಕೇಳಿಸಲಿಲ್ಲವೇನೋ ಎಂದು ಜೋರಾಗಿ ಒತ್ತುತ್ತಿದ್ದೆ. ಸಿಟ್ಟು ಬಂದು ಪಕ್ಕದ್ದನ್ನು, ಅದರ ಪಕ್ಕದ್ದನ್ನು, ಕಣ್ಣಿಗೆ ಕಂಡದ್ದನ್ನೆಲ್ಲ ಒತ್ತುತ್ತಿದ್ದೆ. ಪಾಪ, ಕಂಪ್ಯೂಟರಿಗೆ ಎಲ್ಲವೂ ಕೇಳಿಸಿರುತ್ತಿತ್ತು. ಅದು ಒಂದು ಹಾಳೆ ತೆರೆಯಲು ಏದುಸಿರು ಬಿಡುತ್ತಿರುವಾಗ ನಾನು ಹೊರಿಸಿದ ಹತ್ತೆಂಟು ಕೆಲಸಗಳೂ ತಲೆಯ ಮೇಲೆ ಬಿದ್ದು, ಮೌಸಿನ ಬಾಣದ ಗುರುತು ಪರದೆಯ ನಡುವೆ ಮರಗಟ್ಟಿ ನಿಲ್ಲುತ್ತಿತ್ತು. ನಾನು ಗೋಡೆಯ ಸ್ವಿಚ್ಚನ್ನೇ ಕಿತ್ತುಹಾಕುವವನಂತೆ ಆರಿಸುತ್ತಿದ್ದೆ. ಲಿನಕ್ಸಿಗೆ ಇಂಥ ಅವಮಾನ ಸೇರದು. ಹಾಗೆ ಏಕಾಏಕಿ ಆರಿಸಿದರೆ, ಮರುದಿನ ಏಳುವಾಗ ತನ್ನ ಹೊಟ್ಟೆಯೊಳಗೆ ಎಲ್ಲವೂ ಇದ್ದಲ್ಲೇ ಇದೆಯೇ ಎಂದು ಮೂಲೆಮೂಲೆ ತಡಕಿ ನೋಡಿಕೊಂಡ ಮೇಲೆಯೇ ಮುಂದಿನ ಮಾತು. ನಾನು ಅವಸರ ಮಾಡಿದಷ್ಟೂ ಅದು ತಡ ಮಾಡುತ್ತಿತ್ತು, ಅದು ತಡ ಮಾಡಿದಷ್ಟೂ ನಾನು ಸ್ವಿಚ್ಚು ಆರಿಸುತ್ತಿದ್ದೆ. ದಸರಾ ಮುಗಿಯಿತು. ದೀಪಾವಳಿ ಹತ್ತಿರ ಬಂತು. ಲೆಕ್ಕದ ಹಾಳೆಯ ಮುಖವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಮಗು ಇನ್ನೂ ನನ್ನನ್ನು ಕಂಡರೆ ಅಜ್ಜಿಯ ಸೀರೆ ಹಿಡಿಯುತ್ತಿತ್ತು.

ಅತ್ತೆ ಇದನ್ನೆಲ್ಲ ಬಲೆಯ ಆಚೆಯಿಂದ ನೋಡುತ್ತಿದ್ದರು. ರೇಷ್ಮೆ ಸಾಕುವುದು ಗೊತ್ತಿಲ್ಲದವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಹುಳು ದೊಡ್ಡದಾಗುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ಅದು ತಲೆ ಎತ್ತಿ, ಮೇವು ಬಿಟ್ಟು, ಕಲ್ಲಿನಂತೆ ಸುಮ್ಮನಿರುತ್ತದೆ. ನಮ್ಮ ಕಡೆ ಇದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನೋಡುವವರಿಗೆ ಸತ್ತಂತೆ ಕಂಡರೂ ಒಳಗೆ ಭಾರಿ ಕೆಲಸ ನಡೆದಿರುತ್ತದೆ. ಆ ಹೊತ್ತಿನಲ್ಲಿ ತಟ್ಟೆ ಅಲುಗಿಸಬಾರದು, ಸೊಪ್ಪು ಹಾಕಬಾರದು, ಮುಟ್ಟಲೇಬಾರದು. ಒಂದು ಬೆಳಿಗ್ಗೆ ಬಾಣದ ಗುರುತು ಮರಗಟ್ಟಿ, ನಾನು ಹಲ್ಲು ಕಡಿಯುತ್ತ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದ್ದೆ. ಭಾಗ್ಯ ತೋಟಕ್ಕೆ ಹೋಗಿದ್ದಳು. ಬೆಕ್ಕೂ ಇರಲಿಲ್ಲ. ಬಲೆಯ ಬಾಗಿಲು ತೆರೆದುಕೊಂಡಿತು.

"ಅಳಿಯಂದ್ರೇ, ಅದ ಮುಟ್ಬ್ಯಾಡಿ. ಜ್ವರಕ್ಕೆ ಕೂತೈತೆ."

ಮದುವೆಯಾದಂದಿನಿಂದ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಬೆಚ್ಚಿ ಸ್ವಿಚ್ಚಿನಿಂದ ಕೈ ತೆಗೆದೆ. ಅವರಿಗೂ ತಾವು ಮಾಡಿದ್ದೇನೆಂದು ಆಗ ಹೊಳೆಯಿತೆಂದು ಕಾಣುತ್ತದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಆದರೆ ಮಾತು ನಿಲ್ಲಿಸಲಿಲ್ಲ. ಮುಖಪುಟ ಬಂತಲ್ಲ ಎಂದು ನಾನು ತೊದಲಿದೆ. ಗೋಡೆಗೆ ಮುಖ ಮಾಡಿಯೇ ಅವರು, "ನಾಕು ಹುಳ ಎದ್ದವೆ ಅಂತ ಸೊಪ್ಪು ಹಾಕ್ಬುಟ್ರೆ ಮಿಕ್ಕಿದ್ದು ಕೆಡ್ತವೆ. ಎಲ್ಲವೂ ಏಳ್ಲಿ. ಆ ಕೆಂಪು ದೀಪ ಪಟಪಟ ಅನ್ನೋದು ನಿಂತ ಮ್ಯಾಲೆ ಮುಟ್ಟಿ" ಎಂದರು. ಕಂಪ್ಯೂಟರಿನ ಹೊಟ್ಟೆಯ ಮೇಲೆ ಒಂದು ಕೆಂಪು ದೀಪ ಮಿನುಗುತ್ತದೆ ಎಂಬುದನ್ನು ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ.

ಅಂದಿನಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಗುಂಡಿ ಒತ್ತುವುದು, ಕೈ ಕಟ್ಟಿ ಕೂರುವುದು. ಅತ್ತೆ ಬಲೆಯ ಆಚೆ ಹುಳುವಿಗೆ ಸೊಪ್ಪು ಹಾಕುತ್ತ, ನಾನು ಈಚೆ ದೀಪ ನೋಡುತ್ತ, ಇಬ್ಬರೂ ಮಾತಾಡತೊಡಗಿದೆವು. ಎದುರುಬದುರು ನಿಲ್ಲದಿದ್ದುದರಿಂದ ಪದ್ಧತಿಗೂ ಅಷ್ಟೇನೂ ಭಂಗವಾಗಲಿಲ್ಲ. ಹುಳುಗಳು ಸೊಪ್ಪು ಮೇಯುವಾಗ ಸೋನೆ ಮಳೆಯಂಥ ಸದ್ದು ಬರುತ್ತದೆ. ಆ ಸದ್ದಿನ ನಡುವೆ ಅವರು ತಾವು ಮದುವೆಯಾಗಿ ಬಂದ ಹೊಸದರಲ್ಲಿ ಹುಳುವಿಗೆ ಹೆದರಿ ಕಬ್ಬಾಳಿನ ತವರಿಗೆ ಓಡಿಹೋದದ್ದನ್ನೂ, ಮಾವ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬರುವಾಗ ಯಾರಿಗೂ ಕಾಣದಂತೆ ಪಂಚೆಯ ಮಡಿಲಲ್ಲಿ ಮೈಸೂರು ಪಾಕು ತರುತ್ತಿದ್ದುದನ್ನೂ ಹೇಳಿದರು. ನಾನು ಕಾರ್ಖಾನೆಯ ಕತೆ ಹೇಳಿದೆ. ಮಗು ನನ್ನನ್ನು ಕಂಡರೆ ಹೆದರುತ್ತದೆ, ಅದಕ್ಕೇ ಈ ಶಿಫ್ಟು ಬೇಕು ಎಂದೂ ಹೇಳಿಬಿಟ್ಟೆ. ಹೆಂಡತಿಗೆ ಕೂಡ ಹೇಳಿರಲಿಲ್ಲ. ಕೆಂಪು ದೀಪ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಆ ಯಂತ್ರ ಇನ್ನೂ ಒಸಿ ನಿಧಾನವಾಗಿ ಏಳಬಾರದಿತ್ತೇ ಎಂದು ಮೊದಲ ಬಾರಿಗೆ ಅನ್ನಿಸಿದ್ದು ಅಂದು.

ದೀಪಾವಳಿಯೂ ಕಳೆಯಿತು, ಲೆಕ್ಕದ ಹಾಳೆಯೂ ಕೈಗೆ ಹತ್ತಿತು. ಇನ್ನೇನು ಎರಡು ಮೂರು ದಿನಕ್ಕೆ ಪರೀಕ್ಷೆ ಎನ್ನುವಾಗ ಅನಾಹುತವಾಯಿತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಸೊಪ್ಪಿನ ಕೋಣೆಯ ಬಾಗಿಲು ತೆರೆದರೆ ಕಂಪ್ಯೂಟರು ಅಡಿಯಿಂದ ಮುಡಿಯವರೆಗೆ ಬೆಳ್ಳಗಿತ್ತು. ಕೀಲಿಮಣೆ, ಮೌಸು, ಪೆಟ್ಟಿಗೆ, ಎಲ್ಲದರ ಮೇಲೂ ವಿಭೂತಿ ಬಳಿದಂತೆ ಬಿಳಿ ಪುಡಿ. ಹುಳು ಜ್ವರಕ್ಕೆ ಕೂತಾಗ ತಟ್ಟೆ ಒಣಗಿರಲಿ ಎಂದು ಅದರ ಮೇಲೆ ಸುಣ್ಣದ ಪುಡಿ ಉದುರಿಸುವುದು ಕ್ರಮ. ಸೊಪ್ಪಿನ ಕೋಣೆ ತೇವ. ಜ್ವರಕ್ಕೆ ಕೂರುವ ಯಂತ್ರ ತೇವದಲ್ಲಿದೆ. ಪರೀಕ್ಷೆ ಹತ್ತಿರವಿದೆ. ಅತ್ತೆ ನನ್ನ ಮೇಲಿನ ಪ್ರೀತಿಯಿಂದ, ಹಿಂದಿನ ಸಂಜೆ, ನುಣ್ಣಗೆ ಜರಡಿ ಹಿಡಿದ ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ, ಒಂದಿಷ್ಟೂ ಕೊರತೆಯಾಗದಂತೆ ಉದುರಿಸಿದ್ದರು. ಪೆಟ್ಟಿಗೆಯ ಹಿಂದಿನ ತೂತುಗಳಲ್ಲಿ ಕೂಡ ಹಾಕಿದ್ದರು. ಒಳಗೂ ಸುಣ್ಣವಿರುವುದು ತಿಳಿಯದೆ ನಾನು ಗುಂಡಿ ಒತ್ತಿದೆ. ಫ್ಯಾನು ಎಂದಿನಂತೆ ನಿಟ್ಟುಸಿರು ಬಿಟ್ಟಿತು. ಕೋಣೆಯಲ್ಲಿ ಮೋಡ ಎದ್ದಿತು. ಮೋಡ ಇಳಿದಾಗ ನಾನೂ ಬೆಳ್ಳಗಿದ್ದೆ, ಪರದೆ ಮಾತ್ರ ಕಪ್ಪಗಿತ್ತು.

ಅತ್ತೆ ಅಳಲಿಲ್ಲ, ಅವರು ಅಳುವವರಲ್ಲ. ಕೀಲಿಮಣೆಯನ್ನು ಮೊರದಲ್ಲಿಟ್ಟುಕೊಂಡು ಹೋಗಿ ಅಂಗಳದಲ್ಲಿ ಕೇರತೊಡಗಿದರು. ಮಗುವಿನ ವಿಷಯ ನಾನು ಅವರಿಗೆ ಹೇಳಿದ್ದೆನಲ್ಲ. ಆ ಶಿಫ್ಟನ್ನು ತಾನೇ ಹಾಳು ಮಾಡಿದೆ ಎಂದು ಅವರ ಮುಖದಲ್ಲಿ ಬರೆದಿತ್ತು. ಮತ್ತೆ ನನ್ನೊಡನೆ ಮಾತು ನಿಂತಿತು. ಬೆಕ್ಕಿನೊಡನೆಯೂ ನಿಂತಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸುಣ್ಣ ಕಟ್ಟಿದ್ದ ಬಟ್ಟೆ ಅಲ್ಲೇ ಬಿದ್ದಿತ್ತು, ನೋಡಿದರೆ ಅದು ಅವರು ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದ ಬಿಳಿ ಪಂಚೆಯ ತುಂಡು, ಮಾವನದು. ನಾನು ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ.

ನಯಾಜ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಇಣುಕಿ, ಒಂದು ಸೀನು ಸೀನಿ, ಎಲೆ ಅಡಿಕೆ ಎಲ್ಲಿ ಎಂದು ಕೇಳಿದ. ಅವನ ಅಬ್ಬಾ ಬೊಂಬೆ ತಿರುಗಿಸುವ ಚಕ್ರದ ಮುಂದೆ ಕೂತಿದ್ದರು. ಮರದ ಹೊಟ್ಟು ಊದಿ ತೆಗೆಯುವ ಗಾಳಿಯಂತ್ರ ಅವರಲ್ಲಿತ್ತು. ಅದರಿಂದ ಊದಿದಾಗ ಬೀದಿಯಲ್ಲಿ ಹೋಗುವವರು ಬೆಂಕಿ ಬಿತ್ತೇನೋ ಎಂದು ನಿಂತರು. ಅಬ್ಬಾಗೆ ಯಾವುದನ್ನೂ ಮೆರುಗು ಕೊಡದೆ ಕೈಬಿಡುವುದು ಗೊತ್ತಿಲ್ಲ. ಪೆಟ್ಟಿಗೆಯನ್ನು ಒರೆಸಿ, ಸವೆದು ಸಡಿಲವಾಗಿದ್ದ ಗುಂಡಿಯ ಜಾಗಕ್ಕೆ ಮರದ ಗುಂಡಿಯೊಂದನ್ನು ಕಡೆದು, ಕೆಂಪು ಅರಗು ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ ಹೊಳೆಸಿ ಕೂರಿಸಿಕೊಟ್ಟರು. "ಬೇಟಾ, ಮಷೀನಿಗೆ ಸುಣ್ಣ ಹೊಡೀಬಾರ್ದು ಅಂತ ಮನೇಲಿ ಹೇಳು. ಗೋಡೆಗೆ ಹೊಡೀರಿ" ಎಂದರು. ಕಂಪ್ಯೂಟರು ಬದುಕಿತ್ತು. ಮೊದಲಿಗಿಂತ ಬೇಗ ಏಳುತ್ತದೆ ಎಂದು ನಾನು ಆಸೆಪಟ್ಟಿದ್ದೆ. ಹಾಗೇನೂ ಆಗಲಿಲ್ಲ.

ಪರೀಕ್ಷೆಯ ದಿನ ಸ್ಟೋರ್ಸಿನಲ್ಲಿ ಮೂರು ಹಳೆಯ ಕಂಪ್ಯೂಟರುಗಳ ಮುಂದೆ ಮೂವರನ್ನು ಕೂರಿಸಿದರು. ನನ್ನ ಎಡಕ್ಕೆ ಕನಕಪುರದವನೊಬ್ಬ, ಬಲಕ್ಕೆ ಮಾಗಡಿಯವನೊಬ್ಬ. ಮಾಗಡಿಯವನು ಕಂಪ್ಯೂಟರ್ ಕೋರ್ಸು ಮಾಡಿದ್ದ. ಅವನ ಬೆರಳುಗಳು ಮೇಜಿನ ಮೇಲೆಯೇ ತಬಲಾ ಬಾರಿಸುತ್ತಿದ್ದವು. ಯಂತ್ರ ಚಾಲೂ ಮಾಡಿ, ಲೆಕ್ಕದ ಹಾಳೆ ತೆರೆದು, ಕೊಟ್ಟ ಸಾಮಾನುಗಳ ಲೆಕ್ಕ ಹಾಕಿ ತೋರಿಸಬೇಕು. ಗುಂಡಿ ಒತ್ತಿದೆವು. ಓಕೆಗಳು ಶುರುವಾದವು. ಮುಖಪುಟ ಬಂದದ್ದೇ ತಡ, ಮಾಗಡಿಯವನು ಟಕಟಕ ಒತ್ತಿದ. ಕನಕಪುರದವನು ಅವನನ್ನು ನೋಡಿ ತಾನೂ ಒತ್ತಿದ. ನಾನು ಕೈ ಕಟ್ಟಿಕೊಂಡು ಕೂತೆ. ಬೆರಳು ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಮ್ಯಾನೇಜರು ನನ್ನ ಬೆನ್ನ ಹಿಂದೆ ಬಂದು ನಿಂತು, ಯಾಕೆ ಸುಮ್ಮನೆ ಕೂತಿದ್ದೀರಿ, ಬರುವುದಿಲ್ಲವೇ ಎಂದು ಕೇಳಿದರು.

"ಇನ್ನೂ ಎದ್ದಿಲ್ಲ ಸಾರ್" ಎಂದೆ.

ಡೆಸ್ಕ್‌ಟಾಪ್ ಕಾಣುತ್ತಿದೆಯಲ್ಲ ಎಂದರು. ಕಾಣುತ್ತಿದೆ, ಆದರೆ ಪೂರ್ತಿ ಎದ್ದಿಲ್ಲ, ಆ ದೀಪ ನಿಲ್ಲಲಿ ಎಂದೆ. ಅಷ್ಟರಲ್ಲಿ ಬಲಗಡೆಯ ಬಾಣ ಮರಗಟ್ಟಿತು. ಎಡಗಡೆಯದ್ದೂ ಮರಗಟ್ಟಿತು. ಮಾಗಡಿಯವನು ಮೌಸನ್ನು ಎತ್ತಿ ಮೇಜಿಗೆ ಕುಟ್ಟಿದ, ಆಮೇಲೆ ತಡೆಯಲಾರದೆ ಸ್ವಿಚ್ಚು ಆರಿಸಿ ಹಾಕಿದ. ಅದು ತನ್ನ ಹೊಟ್ಟೆ ತಡಕಿಕೊಳ್ಳಲು ಕೂತಿತು. ನನ್ನ ದೀಪ ನಿಂತಿತು. ಒಮ್ಮೆ, ಒಂದೇ ಒಂದು ಸಲ, ಒತ್ತಿದೆ. ಹಾಳೆ ತೆರೆದುಕೊಂಡಿತು. ನಿಜ ಹೇಳಬೇಕೆಂದರೆ ಆಮೇಲೆ ನಾನು ಹಾಕಿದ ಲೆಕ್ಕದಲ್ಲಿ ಎರಡು ತಪ್ಪಿದ್ದವು. ಮಾಗಡಿಯವನು ಹಾಕಿದ್ದರೆ ಒಂದೂ ಇರುತ್ತಿರಲಿಲ್ಲ. ಮ್ಯಾನೇಜರು ಮಾತ್ರ ಎಲ್ಲರಿಗೂ ಕೇಳುವಂತೆ, ಸ್ಟೋರ್ಸಿಗೆ ಬೇಕಾಗಿರುವುದು ಇಂಥ ತಾಳ್ಮೆಯೇ ಎಂದರು.

ಕೆಲಸ ಸಿಕ್ಕಿತೆಂದು ಮನೆಗೆ ಬಂದು ಹೇಳಿದಾಗ ಭಾಗ್ಯ ಕಣ್ಣೊರೆಸಿಕೊಂಡಳು. ಅತ್ತೆ ಬಾಗಿಲ ಮರೆಯಿಂದ ಈಚೆ ಬಂದರು, ಪೂರ್ತಿ ಈಚೆಗೆ, ನನ್ನ ಎದುರಿಗೆ. "ಅಂಗಾರೆ ಇನ್ಮ್ಯಾಲೆ ದಿನಾ ಸಂಜೆ ಮನೇಲೇ ಇರ್ತೀರಿ" ಎಂದರು. ಹೂಂ ಎಂದೆ. "ನಾಕ್ನೇ ಜ್ವರ ಎದ್ದೈತೆ, ಸೊಪ್ಪು ಸಾಲ್ತಿಲ್ಲ" ಎಂದು ಕುಡುಗೋಲನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಎಷ್ಟೋ ವರ್ಷ, ಜನರಲ್ ಶಿ‌ಫ್ಟ್ ಮುಗಿಸಿ ಬಂದ ಮೇಲೆ ನನಗೆ ಸೊಪ್ಪಿನ ಶಿಫ್ಟ್ ಇರುತ್ತಿತ್ತು. ತೋಟದಿಂದ ಹೊರೆ ಹೊತ್ತು ಬರುವಾಗ ಮಗಳು ಎದುರಿಗೆ ಓಡಿಬಂದು ಹೊರೆಯ ಮೇಲೆಯೇ ಹತ್ತಿಸು ಎಂದು ಹಟ ಮಾಡುತ್ತಿದ್ದಳು. ಬೆನ್ನು ಮುರಿದುಹೋಗುತ್ತಿತ್ತು. ಅಷ್ಟು ಸುಖ ನನಗೆ ಆಮೇಲೆ ಎಂದೂ ಸಿಕ್ಕಿಲ್ಲ.

ಸ್ಟೋರ್ಸಿನಲ್ಲಿ ಮಾತ್ರ ನನಗೆ ಅನ್ಯಾಯವಾಯಿತು. ತಾಳ್ಮೆಯ ಮನುಷ್ಯ ಎಂದು ಒಮ್ಮೆ ಹೆಸರು ಬಿದ್ದರೆ ಕತೆ ಮುಗಿಯಿತು. ಹೊಸ ಕಂಪ್ಯೂಟರುಗಳು ಬಂದಾಗಲೆಲ್ಲ ಅವು ಬೇರೆಯವರಿಗೆ, ಅವರು ಬಿಟ್ಟ ಹಳೆಯದು ನನಗೆ. ಸಿದ್ದರಾಜು ಕಾಯುತ್ತಾರೆ, ಅವರಿಗೆ ಅಭ್ಯಾಸ ಎಂದರು. ಬರುಬರುತ್ತ ನಿಧಾನದ ಯಂತ್ರಗಳ ಜೊತೆ ನಿಧಾನದ ಮನುಷ್ಯರನ್ನೂ ನನ್ನ ಕಡೆಗೇ ಕಳಿಸತೊಡಗಿದರು. ಒಂದು ಮಾತು ಹೇಳಲು ಒಂದು ಹೊತ್ತು ತೆಗೆದುಕೊಳ್ಳುವ ಆಡಿಟರು, ಸಾಮಾನು ಕೊಟ್ಟು ಸಂಸಾರದ ಕತೆ ಹೇಳುವ ವ್ಯಾಪಾರಿ, ಎಲ್ಲರೂ ನನ್ನ ಮೇಜಿಗೆ. ಕೆಂಪು ದೀಪ ನೋಡುತ್ತ ಅವರ ಮಾತು ಕೇಳಿದ್ದೇನೆ.

ಅತ್ತೆ ಈಗಿಲ್ಲ. ಹುಳು ಸಾಕುವುದನ್ನೂ ಬಿಟ್ಟಿದ್ದೇವೆ. ಬಲೆಯ ಬಾಗಿಲು ತೆಗೆದು ಹುಳುವಿನ ಮನೆಯನ್ನು ಒಂದು ಹೊಲಿಗೆ ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಮಗಳು ಕನಕಪುರದಲ್ಲಿ ಹೈಸ್ಕೂಲು ಮೇಡಂ ಆಗಿದ್ದಾಳೆ. ಅವಳು ಕೊಡಿಸಿರುವ ಹೊಸ ಕಂಪ್ಯೂಟರಿನಲ್ಲೂ ನಾನು ಲಿನಕ್ಸೇ ಹಾಕಿಸಿಕೊಂಡಿದ್ದೇನೆ. ಅದು ನಾನು ಕನ್ನಡಕ ಹುಡುಕುವುದರೊಳಗೆ ಎದ್ದು ಕೂತಿರುತ್ತದೆ. ಒಂದೇ ಒಂದು ಓಕೆಯನ್ನೂ ತೋರಿಸುವುದಿಲ್ಲ. ಅತ್ತೆಯ ಜೊತೆ ಕೂತು ಮಾತಾಡಿದ ಆ ಬೆಳಗುಗಳು ನನಗೆ ಬಹಳ ನೆನಪಾಗುತ್ತವೆ. ಇಂಥ ಚುರುಕು ಯಂತ್ರ ಆಗ ಸಿಕ್ಕಿದ್ದರೆ ಅವರು ಬೆಕ್ಕಿನ ಮುಖ ನೋಡಿಕೊಂಡೇ ಕಾಲ ಕಳೆದುಬಿಡುತ್ತಿದ್ದರು. ಇದನ್ನೆಲ್ಲ ಬರೆಯಬೇಕೆಂದು ಇಂದು ಬೆಳಿಗ್ಗೆ ಕೂತೆ. ಕಾಫಿ ಬರುವುದು ಒಸಿ ತಡವಾಯಿತು. ಏನು, ಕಾಫಿ ಗಿಡ ನೆಟ್ಟು ಬೆಳೆಸುತ್ತಿದ್ದೀಯಾ ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ, ನೀರಿನ ಲೋಟದಿಂದ ಮೇಜು ಕುಟ್ಟಿದೆ. ಭಾಗ್ಯ ಕಾಫಿ ತಂದು ಮುಂದಿಟ್ಟು, ಸೊಂಟಕ್ಕೆ ಕೈ ಕೊಟ್ಟು ನನ್ನನ್ನೇ ನೋಡುತ್ತ ನಿಂತಳು.

"ಆ ನಿಮ್ಮ ಮ್ಯಾನೇಜರ‍್ರು ಒಂದಿನ ನಮ್ಮನೇಗೆ ಬಂದು ನಿಮ್ಮನ್ನ ನೋಡ್ಬೇಕಾಗಿತ್ತು ಕಣ್ರೀ. ಆ ಕೆಲ್ಸವ ಕಣ್ಣು ಮುಚ್ಕಂಡು ಮಾಗಡಿಯೋನ್ಗೇ ಕೊಟ್ಬುಡೋರು."

ಕಾಫಿ ಬಿಸಿಯಾಗಿತ್ತು. ಆರಲಿ ಎಂದು ಕಾಯುವಷ್ಟು ವ್ಯವಧಾನ ನನಗಿರಲಿಲ್ಲ, ನಾಲಿಗೆ ಸುಟ್ಟುಕೊಂಡೆ.